ಬೆರಳಿಡದ ತಂತಿ

ಆ ಆಗಸ್ಟಿನಲ್ಲಿ ನನ್ನ ಅಣ್ಣ ಇರ್ವಿನ್ ನಮ್ಮ ಫ್ರಿಜ್ಜನ್ನು ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಹಿಂದಿನ ವರಾಂಡಕ್ಕೆ, ಅಲ್ಲಿಂದ ಪುನಃ ಅಡುಗೆಮನೆಗೆ ಸಾಗಿಸಿದ. ಅದರ ಗುಂಯ್ ಶಬ್ದ ತಲೆ ತಿನ್ನುತ್ತದಂತೆ. ಮುಂಚೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿದ್ದದ್ದು ಈಗ ಎರಡರಲ್ಲಿ ಗುಂಯ್‌ಗುಡುತ್ತಿದೆ, ಆ ಎರಡಕ್ಕೂ ಒಂದಕ್ಕೊಂದು ಆಗುವುದಿಲ್ಲ ಎಂದು ಅವನ ದೂರು. ಮೆಕ್ಯಾನಿಕ್ ಬಂದು ನೋಡಿ, ಫ್ರಿಜ್ಜಿಗೆ ಏನೂ ಆಗಿಲ್ಲ ಎಂದ. ಏನೂ ಆಗಿರಲಿಲ್ಲ, ನಿಜ. ಕೆಟ್ಟದ್ದು ಇರ್ವಿನನ ಎಡಗಿವಿ.

ಅದು ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಜುಲೈಯಲ್ಲಿ ಇರ್ವಿನನಿಗೆ ಕೆಟ್ಟ ಜ್ವರ ಬಂದು ಹೋಗಿತ್ತು. ಅದಾದ ಮೇಲೆ ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ಕಿವಿ ಡಾಕ್ಟರರ ಕೋಣೆಯ ಹೊರಗೆ ಬೆಂಚಿನಲ್ಲಿ ಕುಳಿತವನನ್ನು ಕಂಡೆ. ಪರಿಚಯದವರನ್ನು ನೋಡಲಿಕ್ಕೆ ಬಂದದ್ದು ಎಂದ. ಪರಿಚಯದವರನ್ನು ನೋಡಲು ಬಂದವನ ಕೈಯಲ್ಲಿ ಟೋಕನ್ ಯಾಕೆ? ನಾನು ಕೇಳಲಿಲ್ಲ. ಆವತ್ತಿನಿಂದ ಅವನು ಊಟದ ಮೇಜಿನಲ್ಲಿ ಗೋಡೆ ಬದಿಯ ಕುರ್ಚಿಗೆ ಬದಲಾದ. ಮಾತನಾಡಿಸಿದರೆ ಬಲಗಿವಿ ತಿರುಗಿಸತೊಡಗಿದ. ಇಂಥ ಕಿವಿಗಳನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಒಂದೇ ಶಬ್ದ ಒಂದು ಕಿವಿಗೆ ಇದ್ದ ಹಾಗೆ ಕೇಳುತ್ತದೆ, ಇನ್ನೊಂದಕ್ಕೆ ಸ್ವಲ್ಪ ಮೇಲೆ ಕೇಳುತ್ತದೆ. ಜೊತೆಗೆ ಒಳಗೊಂದು ಸಿಳ್ಳೆ. ಹತ್ತಿ ತುರುಕಿದರೆ ಸಿಳ್ಳೆ ಇನ್ನೂ ಜೋರು. ಹೆಚ್ಚಿನವರಿಗೆ ಅದು ವಾಸಿಯಾಗುವುದಿಲ್ಲ.

ಬೇರೆ ಯಾರಾದರೂ ಆಗಿದ್ದರೆ, ಒಂದು ಹೋದರೆ ಇನ್ನೊಂದು ಉಂಟಲ್ಲ ಎಂದು ದಿನ ದೂಡುತ್ತಿದ್ದರು. ಇರ್ವಿನನ ಕೆಲಸವೇ ಕಿವಿ. ಪಿಟೀಲು, ಸೆಲ್ಲೊ ನುಡಿಸುವವರಿಗೆ ಅವನು ಶ್ರುತಿ ಕಟ್ಟಿಕೊಡುತ್ತಾನೆ. ಕೀಬೋರ್ಡಿನ ಸ್ವರಗಳೆಲ್ಲ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತವೆ, ಯಾವ ಹಾಡಿಗೂ ಆಗಿಬರಲಿ ಎಂದು ಫ್ಯಾಕ್ಟರಿಯಲ್ಲೇ ಹಾಗೆ ಮಾಡಿ ಕಳಿಸಿದ್ದು. ತಂತಿವಾದ್ಯಕ್ಕೆ ಆ ಕರ್ಮ ಇಲ್ಲ. ಬೆರಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರೆ ಎರಡು ಸ್ವರಗಳು ಒಂದನ್ನೊಂದು ಸರಿಯಾಗಿ ಹಿಡಿದುಕೊಳ್ಳುತ್ತವೆ, ನಡುವಿನ ನಡುಕ ನಿಂತು ವಾದ್ಯ ತಾನಾಗಿ ತುಂಬಿಕೊಳ್ಳುತ್ತದೆ. ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಲೆಕ್ಕ ಹಾಕಿ ಇರ್ವಿನ್ ಹಾಡಿನ ಒಂದೊಂದು ಸ್ವರದ ತಲೆಯ ಮೇಲೂ ಬಾಣದ ಗುರುತು ಹಾಕುತ್ತಾನೆ. ಬಾಣ ಮೇಲೆ ನೋಡಿದರೆ ತುಸು ಏರಿಸಬೇಕು, ಕೆಳಗೆ ನೋಡಿದರೆ ಇಳಿಸಬೇಕು. ಗಲ್ಫಿನ ಹೊಟೇಲುಗಳಲ್ಲಿ ನುಡಿಸುವ ನಮ್ಮ ಊರಿನವರೂ ವಾಟ್ಸ್ಯಾಪಿನಲ್ಲಿ ಅವನಿಂದ ಬಾಣ ಹಾಕಿಸಿಕೊಳ್ಳುತ್ತಾರೆ. ಕ್ವಾಯರಿನವರು ಬೆನ್ನ ಹಿಂದೆ ಅವನನ್ನು ಬಿಲ್ಲುಗಾರ ಎನ್ನುತ್ತಾರೆ. ನಾನು ಚಿಕ್ಕಂದಿನಿಂದ ಆ ಬಾಣಗಳನ್ನು ತಿಂದೇ ಪಿಟೀಲು ಕಲಿತವಳು.

ಹಾಗಾಗಿ ನನ್ನ ಹೆದರಿಕೆ ಸಣ್ಣದಲ್ಲ. ಬಿಲ್ಲುಗಾರನ ಕಿವಿಯೇ ಸರಿಯಿಲ್ಲ ಎಂದು ಊರಿಗೆ ಗೊತ್ತಾದರೆ ಅವನ ಹತ್ತಿರ ಬರುವವರು ಯಾರು? ಅವನೇ ಬಾಯಿಬಿಟ್ಟು ನನ್ನೊಡನೆ ಹೇಳಲಿ, ಆಮೇಲೆ ದಾರಿ ಹುಡುಕುವ ಎಂದು ಕಾಯುತ್ತಿದ್ದೆ. ಅವನು ಫ್ರಿಜ್ ಸಾಗಿಸುತ್ತಿದ್ದ. ಬಂದರಿನಿಂದ ನಮ್ಮ ಓಣಿಯಾಗಿ ಹೋಗುವ ಮೀನಿನ ಲಾರಿಗಳಿಗೆ ಬೈಯುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ಮೊಂತಿ ಫೆಸ್ತ್ ಬಂತು. ಸೆಪ್ಟೆಂಬರಿನ ನಮ್ಮ ತೆನೆ ಹಬ್ಬ. ಮಕ್ಕಳು ಸಾಲಾಗಿ ಬಂದು ಬಾಲ ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರೆ, ಅದಾದ ಮೇಲೆ ಹೊಸ ತೆನೆ ಒಳಗೆ ಬರುತ್ತದೆ. ನಮ್ಮ ಚರ್ಚಿನಲ್ಲಿ ಒಂದು ರೂಢಿ ಉಂಟು. ಸಾಲಿನ ಕೊನೆಯ ಹೂ ಬೀಳುವ ತನಕ ಹಾಡು ನಿಲ್ಲಬಾರದು. ರಾಗ ಒಂದೇ, ಚರಣದ ಮೇಲೆ ಚರಣ, ಮಕ್ಕಳ ಸಾಲು ಎಷ್ಟು ಉದ್ದವೋ ಅಷ್ಟು. ಈ ವರ್ಷ ಅದಕ್ಕೊಂದು ಹೊಸ ಹಾಡನ್ನು ಅಪ್ಪನ ತಮ್ಮ ರುಡೊಲ್ಫ್ ಬಾಪ್ಪು ಕಟ್ಟಿದ್ದರು. ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು, ಸೆಲ್ಲೊ, ಅವರದ್ದು. ನಾನು ಮತ್ತು ಮಣ್ಣಗುಡ್ಡದ ಹಿತೇಶ್ ಪಿಟೀಲಿಗೆ. ಬಾಣಗಳು ಇರ್ವಿನನವು.

ಕೀಬೋರ್ಡ್ ನುಡಿಸುವ ಡ್ಯಾಫ್ನಿಯನ್ನು ಪೂರಾ ಹೊರಗಿಡಬೇಕೆಂದು ಇರ್ವಿನ್ ಹಟ ಹಿಡಿದ. ಅವಳೂ ಬಿಡುವವಳಲ್ಲ. ಕೊನೆಗೆ ಹೂವಿನ ಚರಣಗಳಿಗೆ ಬರೀ ತಂತಿ, ತೆನೆ ಒಳಗೆ ಬರುವಾಗಿನ ಕೊನೆಯ ಚರಣಕ್ಕೆ ಕೀಬೋರ್ಡು ಮತ್ತು ಇಡೀ ಸಭೆ ಎಂದು ರಾಜಿಯಾಯಿತು. ಡ್ಯಾಫ್ನಿಯ ಕೀಬೋರ್ಡಿನಲ್ಲಿ ಒಂದು ಬಟನ್ ಉಂಟು. ಫಾದರಿಗೆ ಮೇಲಿನ ಸ್ವರ ಎಟುಕದಿದ್ದರೆ ಅದನ್ನೊತ್ತುತ್ತಾಳೆ, ಇಡೀ ಕೀಬೋರ್ಡ್ ಅರ್ಧ ಸ್ವರ ಕೆಳಗಿಳಿಯುತ್ತದೆ. ಇರ್ವಿನ್ ಅದನ್ನು ಮೋಸದ ಬಟನ್ ಎಂದೇ ಕರೆಯುವುದು. ಅವಳಿಗೆ ಕೇಳುವಂತೆಯೇ ಕರೆಯುತ್ತಾನೆ.

ಪ್ರಾಕ್ಟೀಸ್ ನಮ್ಮ ಮನೆಯ ಹಾಲ್‌ನಲ್ಲಿ. ಹಿತೇಶ್ ಬಂದರೆ ನಮ್ಮ ಕೊಂಕಣಿಯೆಲ್ಲ ಕನ್ನಡಕ್ಕೆ ತಿರುಗುತ್ತದೆ. ಅವನು ಕರ್ನಾಟಕ ಸಂಗೀತ ಕಲಿತವನು, ಹಿಂದೆ ತಂಬೂರಿ ಇಲ್ಲದಿದ್ದರೆ ಅವನಿಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

“ಇರ್ವಿನಣ್ಣ, ಮೊಬೈಲಿನಲ್ಲಿ ತಂಬೂರಿ ಉಂಟು. ಸಣ್ಣಕ್ಕೆ ಇಡ್ಲಾ?”

“ಬೇಡ.”

“ತುಂಬ ಸಣ್ಣಕ್ಕೆ. ಶ್ರುತಿ ಹಿಡಿದುಕೊಳ್ಳಿಕ್ಕೆ ಎಂತಾದರೂ ಬೇಕಲ್ಲ.”

“ಬೇಡ ಹೇಳಿದೆನಲ್ಲ ಮಾರಾಯ. ನಾನಿದ್ದೇನೆ, ಸಾಲದಾ?”

ಹಿತೇಶ್ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಅವನಿಗೆ ಬೇಸರವಾದದ್ದು ಕಾಣುತ್ತಿತ್ತು. ಒಂದೇ ಸಮನೆ ಮೊಳಗುವ ಸ್ವರ ಇರ್ವಿನನ ತಲೆಯಲ್ಲಿ ಎರಡಾಗಿ ಜಗಳ ಆಡುತ್ತದೆ ಎಂದು ನಾನು ಹೇಳುವ ಹಾಗಿರಲಿಲ್ಲ.

“ಮತ್ತೊಂದು,” ಎಂದ ಇರ್ವಿನ್. “ಈ ಸಲ ಓಪನ್ ಸ್ಟ್ರಿಂಗ್ ಯಾರೂ ನುಡಿಸ್ಲಿಕ್ಕಿಲ್ಲ. ಎಲ್ಲ ಸ್ವರಕ್ಕೂ ಬೆರಳು ಇಡ್ಬೇಕು.”

ನಾನು ಬಿಲ್ಲು ಕೆಳಗಿಟ್ಟೆ. ಬೆರಳಿಡದ ತಂತಿಯನ್ನು ಏರಿಸಲಿಕ್ಕೂ ಆಗದು, ಇಳಿಸಲಿಕ್ಕೂ ಆಗದು, ಬಿಗಿದ ಜಾಗದಲ್ಲೇ ನಿಂತಿರುತ್ತದೆ. ಇಷ್ಟು ವರ್ಷ ಇರ್ವಿನನ ಶ್ರುತಿಗಳಿಗೆಲ್ಲ ಅದೇ ಗೂಟ. ಎಲ್ಲಿ ಬೇಕಾದರೂ ಮೇಯ್ದುಕೊಂಡು ಬಾ, ಗೂಟಕ್ಕೆ ಮರಳಿ ಬಾ ಎಂದು ನನಗೆ ಕಲಿಸಿದವನು ಅವನೇ. ಆದರೆ ತಂತಿಗಳಲ್ಲಿ ಅತಿ ಜೋರಾಗಿ ಮೊಳಗುವುದೂ ಅದೇ, ಅವನ ಕಿವಿಗೆ ಚುಚ್ಚುತ್ತಿದ್ದದ್ದೂ ಅದೇ.

“ಒಂದಾದರೂ ಬಿಡು ಇರ್ವಿ,” ಎಂದೆ. “ಎಲ್ಲಿಂದ ಹೊರಟೆ, ಎಲ್ಲಿಗೆ ಬಂದೆ ಅಂತ ಗೊತ್ತಾಗ್ಬೇಡ್ವಾ?”

“ನನಗೆ ಗೊತ್ತಾಗ್ತದೆ.”

ಅವನ ಕೈಯಲ್ಲಿ ಫೋನ್ ಇತ್ತು. ಅದರಲ್ಲಿ ಸ್ವರ ಅಳೆಯುವ ಮುಳ್ಳು. ಮೊದಲೆಲ್ಲ ಅಂಥ ಮುಳ್ಳು ನೋಡಿ ಶ್ರುತಿ ಮಾಡುವವರನ್ನು ಗೇಲಿ ಮಾಡುತ್ತಿದ್ದವನು ಈಗ ಅದರಿಂದ ಕಣ್ಣು ಕೀಳುತ್ತಿರಲಿಲ್ಲ. ಒಂದು ಸ್ವರ ನುಡಿಸಿ ನಿಲ್ಲಿಸಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಂದೊಂದನ್ನೂ ಅದರ ಹಿಂದಿನ ಸ್ವರಕ್ಕೆ ಹೋಲಿಸಿ ಅಳೆದ.

ಬಾಪ್ಪುವಿಗೆ ಬೆರಳ ಗಂಟುಗಳ ನೋವು. ಒಂದು ಚರಣ ಬಂದರೆ ಎಲ್ಲ ಚರಣ ಬಂದ ಹಾಗೆ, ರಾಗ ಒಂದೇ ಅಲ್ಲವೇ ಎಂದು ಅವರು ದಿನಕ್ಕೆ ಒಂದೇ ಚರಣ ನುಡಿಸಿ ಸೆಲ್ಲೊ ಒರಗಿಸಿಬಿಡುತ್ತಿದ್ದರು. ಆ ಒಂದು ಚರಣ ಎಷ್ಟು ಚೆನ್ನಾಗಿತ್ತೆಂದರೆ, ಮೂರು ವಾದ್ಯಗಳು ಸೇರಿದಲ್ಲೆಲ್ಲ ನಡುಕ ಎಂಬುದೇ ಇರಲಿಲ್ಲ. ಆದರೂ ಮುಗಿಯುವ ಹೊತ್ತಿಗೆ ನನಗೆ ಏನೋ ಕಸಿವಿಸಿ.

“ಸ್ವಲ್ಪ ಇಳಿದ ಹಾಗೆ ಆಯ್ತಲ್ಲ?”

“ನಿನ್ನ ತಂತಿಯ ಬಿರಡೆ ಜಾರಿರ್ಬೇಕು,” ಎಂದ ಇರ್ವಿನ್, ಫೋನ್ ನೋಡುತ್ತಲೇ. “ಮಳೆಗಾಲ ಅಲ್ವಾ.”

ಹಿತೇಶ್ ನನ್ನ ಮುಖ ನೋಡಿದ. ಅಲ್ಲೇ ಬೆರಳಿಡದ ತಂತಿಯನ್ನೊಮ್ಮೆ ಮೀಟಿದ್ದರೆ ಇಳಿದದ್ದು ಬಿರಡೆಯೋ ಹಾಡೋ ಎಂದು ತಿಳಿಯುತ್ತಿತ್ತು. ಬಾಪ್ಪು ಮತ್ತು ಹಿತೇಶನ ಎದುರು ನಾನು ಮೀಟಲಿಲ್ಲ. ಸಂಜೆ ಕೇಳಿಯೇಬಿಡುವ ಎಂದು ಅವನ ಕೋಣೆಗೆ ಹೋದೆ. ಕಿಟಕಿಯ ಹತ್ತಿರ ನಿಂತವನು ಸರಕ್ಕನೆ ಕಿವಿಯ ಹತ್ತಿ ಕಿತ್ತು ಮುಷ್ಟಿಯಲ್ಲಿ ಅಡಗಿಸಿದ.

“ಎಂತ?”

“ಎಂತ ಇಲ್ಲ. ಊಟಕ್ಕೆ ಬಾ.”

ಹಬ್ಬದ ಬೆಳಿಗ್ಗೆ ಮಳೆ ಒಂದು ಗಳಿಗೆ ಬಿಟ್ಟು ಒಂದು ಗಳಿಗೆ ಸುರಿಯಿತು. ಅದಕ್ಕೇ ಇರಬೇಕು, ಮಕ್ಕಳ ಸಾಲು ಪ್ರತಿ ವರ್ಷದಷ್ಟು ಉದ್ದ ಇರಲಿಲ್ಲ. ಸಾಲಿನ ಉಸ್ತುವಾರಿ ಅಪೊಲೋನಿಯಾ ಬಾಯಿಯದ್ದು, ನಮ್ಮ ಕೊಂಕಣಿಯಲ್ಲಿ ಬಾಯಿ ಎಂದರೆ ಅಕ್ಕ ಎಂದ ಹಾಗೆ. ಕೈಯಲ್ಲಿ ಹೂ ಇದ್ದವರನ್ನು ಯಾರೂ ತಡೆಯಲಿಕ್ಕಿಲ್ಲ, ಹೂ ಇಲ್ಲದವರು ಸಾಲಿನಲ್ಲಿ ನಿಲ್ಲಲಿಕ್ಕಿಲ್ಲ, ಹೂ ಹಾಕಿದವರಿಗೆ ಮಾತ್ರ ಹೊರಗೆ ಕಬ್ಬು. ಈ ಮೂರು ಕಾನೂನುಗಳಲ್ಲಿ ಆ ಹೆಂಗಸು ಬಿಷಪರಿಗೂ ರಿಯಾಯಿತಿ ಕೊಡುವವಳಲ್ಲ. ಇರ್ವಿನ್ ನಮ್ಮ ಎದುರಿನ ಕಂಬಕ್ಕೆ ಎಡಭುಜ ಒತ್ತಿ, ಫೋನ್ ಹಿಡಿದು ನಿಂತಿದ್ದ.

ಮೊದಲನೆಯ ಚರಣ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಆ ಕಸಿವಿಸಿ ಪುನಃ ಬಂತು. ಮೂರನೆಯದರಲ್ಲಿ ನನ್ನ ಕಣ್ಣು ನನ್ನದೇ ಬೆರಳ ಮೇಲೆ ಬಿತ್ತು. ಹಾಡು ಹೊರಟು ಬಂದು ಸೇರುವ ಸ್ವರಕ್ಕೆ ನಾನು ತೋರುಬೆರಳು ಇಡುವುದು ಪಿಟೀಲಿನ ಕುತ್ತಿಗೆಯ ತುದಿಯಲ್ಲಿ, ಬಿರಡೆಗಳಿಂದ ಸ್ವಲ್ಪ ಈಚೆಗೆ. ಆ ಬೆರಳು ಚರಣಕ್ಕೊಂದಿಷ್ಟು ಬಿರಡೆಗಳ ಕಡೆಗೆ ಸರಿಯುತ್ತಿತ್ತು. ಬಿರಡೆ ಜಾರಿರಲಿಲ್ಲ. ಇಡೀ ಹಾಡೇ ಜಾರುತ್ತಿತ್ತು.

ಆದದ್ದು ಇಷ್ಟು. ಇರ್ವಿನ್ ಪ್ರತಿಯೊಂದು ಸ್ವರವನ್ನೂ ಅದರ ಹಿಂದಿನ ಸ್ವರಕ್ಕೆ ಸರಿಮಾಡಿದ್ದ, ಹಿಂದಿನದನ್ನು ಅದರ ಹಿಂದಿನದಕ್ಕೆ. ಯಾವುದರಲ್ಲೂ ತಪ್ಪಿಲ್ಲ. ಆದರೆ ಸ್ವರಗಳ ಲೆಕ್ಕವೇ ಹಾಗೆ. ಇಂಥ ರಾಗದಲ್ಲಿ ಹೆಜ್ಜೆ ಹೆಜ್ಜೆಯೂ ಶುದ್ಧವಾಗಿ ಒಂದು ಸುತ್ತು ಬಂದರೆ ಹೊರಟ ಜಾಗಕ್ಕೆ ಮುಟ್ಟುವುದಿಲ್ಲ, ಒಂದು ಚೂರು ಕೆಳಗೆ ಬಂದು ನಿಲ್ಲುತ್ತೇವೆ. ಎಲ್ಲೋ ಒಂದು ಕಡೆ ಒಂದು ಸ್ವರವನ್ನು ಬೇಕೆಂದೇ ತುಸು ತಪ್ಪಿಸಿ ಆ ಚೂರನ್ನು ನುಂಗಬೇಕು. ಇದು ಇರ್ವಿನನಿಗೆ ಗೊತ್ತಿಲ್ಲದ್ದೇ? ನನಗೆ ಕಲಿಸಿದವನೇ ಅವನು. ಮುಂಚೆಯಾದರೆ ಅವನ ಕಿವಿಯೇ ಹೊರಟ ಜಾಗವನ್ನು ನೆನಪಿಟ್ಟು ಬಡಿದೆಬ್ಬಿಸುತ್ತಿತ್ತು. ಈಗ ಅದರೊಳಗೆ ಸಿಳ್ಳೆ. ಗೂಟ ಇಲ್ಲ, ತಂಬೂರಿ ಇಲ್ಲ. ಎರಡನ್ನೂ ಅವನೇ ಕಿತ್ತು ಹಾಕಿದ್ದ.

ಸಭೆಗೆ ಏನೂ ಗೊತ್ತಾಗಲಿಲ್ಲ. ಮಕ್ಕಳು ನಮ್ಮ ಜೊತೆಗೇ ಇಳಿಯುತ್ತ ಹಾಯಾಗಿ ಹಾಡುತ್ತಿದ್ದರು. ಗೊತ್ತಾಗುವುದು ಕೊನೆಯ ಚರಣದಲ್ಲಿ. ಕೀಬೋರ್ಡ್ ಇಳಿಯುವುದಿಲ್ಲ. ಹೊಸ ತೆನೆ ಬಾಗಿಲಿಗೆ ಬಂದು, ಡ್ಯಾಫ್ನಿ ಹತ್ತೂ ಬೆರಳು ಒತ್ತಿದಳೆಂದರೆ ಅಲ್ಲಿಗೆ ಮುಗಿಯಿತು. ಬಿಲ್ಲುಗಾರನಿಗೆ ಕಿವಿ ಇಲ್ಲವೇ ಎಂದು ಇಡೀ ಚರ್ಚು ಕೇಳುತ್ತದೆ.

ನಾನು ನನ್ನ ಸ್ವರವನ್ನು ಮೆಲ್ಲಗೆ ಮೇಲೆ ಎಳೆದು ನೋಡಿದೆ. ಬಾಪ್ಪು ಬಾಣಗಳಿಗೆ ನಿಷ್ಠರು. ನನ್ನನ್ನು ಕೆಕ್ಕರಿಸಿ ನೋಡಿ ಸೆಲ್ಲೊವನ್ನು ಗಟ್ಟಿಯಾಗಿ ಉಜ್ಜಿದರು. ಅಪಸ್ವರ ಎದ್ದಿತು, ಮುಂದಿನ ಸಾಲಿನ ಹುಡುಗಿಯೊಬ್ಬಳು ಹಾಡು ಬಿಟ್ಟು ನನ್ನನ್ನು ನೋಡಿದಳು. ನಾನು ಪುನಃ ಕೆಳಗಿಳಿದೆ.

ಅಷ್ಟರಲ್ಲಿ ಇರ್ವಿನನ ತಲೆ ಫೋನಿನಿಂದ ಮೇಲೆದ್ದಿತು. ಮುಳ್ಳು ಇಳಿದದ್ದು ಅವನಿಗೆ ಕಂಡಿತ್ತು. ಅವನು ಹಿತೇಶನನ್ನು ನೋಡಿದ. ಹಿತೇಶ್ ಬಿಲ್ಲು ನಿಲ್ಲಿಸದೆ, ಹೌದು ಇಳಿಯುತ್ತಿದ್ದೇವೆ ಎಂಬಂತೆ ಗಲ್ಲವನ್ನು ಕೆಳಗೆ ಮಾಡಿ ತೋರಿಸಿದ. ಇರ್ವಿನ್ ಓಡಿಹೋಗುತ್ತಾನೆ ಎಂದೇ ನಾನು ತಿಳಿದೆ. ಓಡಿದ ನಿಜ, ಡ್ಯಾಫ್ನಿಯ ಹತ್ತಿರ. ಬಗ್ಗಿ ಏನೋ ಹೇಳಿದ. ಅವಳು ಆಗುದಿಲ್ಲ ಎಂದು ತಲೆ ಆಡಿಸಿದಳು. ಆಗ ನನ್ನ ಅಣ್ಣ, ಆ ಬಟನ್ನನ್ನು ವರ್ಷಗಟ್ಟಲೆ ಹೀಯಾಳಿಸಿದವನು, ಎರಡೂ ಕೈ ಜೋಡಿಸಿದ. ಡ್ಯಾಫ್ನಿ ಬಟನ್ ಒತ್ತಿದಳು.

ನನಗೆ ಲೆಕ್ಕ ಹೊಳೆಯಿತು. ಹಾಡು ಐದು ಸುತ್ತು ಇಳಿದರೆ ಸುಮಾರು ಅರ್ಧ ಸ್ವರ. ಬಟನ್ ಇಳಿಸುವುದೂ ಅರ್ಧ ಸ್ವರ. ಐದನೆಯ ಚರಣ ಮುಗಿದಾಗ ನಾವೂ ಕೀಬೋರ್ಡೂ ಒಂದೇ ಜಾಗದಲ್ಲಿ ಇರುತ್ತೇವೆ. ಆದರೆ ನಾವೀಗ ನಾಲ್ಕನೆಯದರ ನಡುವಿನಲ್ಲಿದ್ದೆವು, ಸಾಲಿನಲ್ಲಿ ಉಳಿದವರು ಬೆರಳೆಣಿಕೆಯ ಮಕ್ಕಳು. ನಾಲ್ಕಕ್ಕೇ ಹೂ ಮುಗಿದರೆ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ನೋಡಿದರೆ ಇರ್ವಿನ್ ಕಾಣಿಸಲಿಲ್ಲ. ಪಕ್ಕದ ಬಾಗಿಲು ತೆರೆದಿತ್ತು.

ಅವನು ಒಳಗೆ ಬಂದಾಗ ಅರ್ಧ ಒದ್ದೆಯಾಗಿದ್ದ. ಕೈಯಲ್ಲಿ ಕಂಪೌಂಡಿನ ದಾಸವಾಳದ ಒಂದು ಇಡೀ ಗೆಲ್ಲು, ಕೊಂಬೆಯ ತುಂಬ ಹೂ. ನೇರ ಹೋಗಿ ಸಾಲಿನ ಕೊನೆಯ ಪುಟ್ಟ ಹುಡುಗಿಯ ಹಿಂದೆ ನಿಂತ. ನರೆತ ಗಡ್ಡದ ಗಂಡಸು, ಸೊಂಟದ ಎತ್ತರದ ಮಕ್ಕಳ ಸಾಲಿನಲ್ಲಿ. ಅಪೊಲೋನಿಯಾ ಬಾಯಿಗೆ ಪಿಸುಗುಟ್ಟಲು ಬರುವುದಿಲ್ಲ.

“ಎಂತ ಇರ್ವಿನ್, ನಿನಗೂ ಕಬ್ಬು ಬೇಕಾ?”

“ಹೂ ಉಂಟು ಬಾಯಿ,” ಎಂದು ಅವನು ಗೆಲ್ಲು ಎತ್ತಿ ತೋರಿಸಿದ.

ಬೆಂಚುಗಳಲ್ಲಿ ನಗು ಹಬ್ಬಿತು. ತನ್ನನ್ನು ನೋಡಿ ಯಾರಾದರೂ ತುಟಿ ಅಲುಗಿಸಿದರೂ ಒಂದು ವಾರ ಮಾತು ಬಿಡುವವನು ಇರ್ವಿನ್. ಆ ನಗುವಿನ ನಡುವೆ ತಲೆ ತಗ್ಗಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ಬಂದ. ಅಪೊಲೋನಿಯಾ ಬಾಯಿ ಗೆಲ್ಲನ್ನು ನೋಡಿದಳು, ತನ್ನ ಕಾನೂನು ನೆನಪಿಸಿಕೊಂಡಳು, ಬದಿಗೆ ಸರಿದಳು. ಮುಂದಿನ ಹುಡುಗಿ ಹೂ ಹಾಕಿ ಹೋದಾಗ ನಾಲ್ಕನೆಯ ಚರಣ ಮುಗಿಯಿತು. ಬಾಪ್ಪು ಕನ್ನಡಕದ ಮೇಲಿನಿಂದ ಸಾಲನ್ನು ನೋಡಿದರು. ಸಾಲಿನಲ್ಲಿ ಇನ್ನೂ ಒಬ್ಬನಿದ್ದ, ಅವನ ಕೈಯಲ್ಲಿ ಹೂವಿತ್ತು. ಅವರು ಐದನೆಯ ಚರಣ ಎತ್ತಿಕೊಂಡರು.

ಇರ್ವಿನ್ ಗೆಲ್ಲಿನಿಂದ ಒಂದೊಂದೇ ಹೂ ಕಿತ್ತು ಮೂರ್ತಿಯ ಪಾದಕ್ಕೆ ಇಟ್ಟ. ಹೂ ಮುಗಿದಾಗ ಮೊಗ್ಗು ಕಿತ್ತ. ಹಾಡು ಮುಗಿಯುವುದನ್ನು ತಿಳಿಯಲು ಅವನು ಬಾಪ್ಪುವಿನ ಬಿಲ್ಲನ್ನು ನೋಡುತ್ತಿದ್ದ. ನಾನು ನನ್ನ ಬೆರಳನ್ನು ನೋಡುತ್ತಿದ್ದೆ. ಅದು ಕುತ್ತಿಗೆಯ ತುದಿ ಮುಟ್ಟಿ, ಇನ್ನು ಸರಿಯಲು ಜಾಗವಿಲ್ಲದೆ ನಿಂತಿತು, ಅಲ್ಲಿ ಬೆರಳಿಟ್ಟರೂ ಒಂದೇ, ಬಿಟ್ಟರೂ ಒಂದೇ. ಕೊನೆಯ ಮೊಗ್ಗು ಬಿತ್ತು. ಹೊಸ ತೆನೆ ಬಾಗಿಲಿಗೆ ಬಂತು, ಸಭೆ ಎದ್ದು ನಿಂತಿತು, ಡ್ಯಾಫ್ನಿ ಕೀಬೋರ್ಡಿನ ಮೇಲೆ ಎರಡೂ ಕೈ ಇಳಿಸಿದಳು.

ಇರ್ವಿನ್ ಬರಿಗೈಯಲ್ಲಿ ನಮ್ಮ ಕಡೆಗೆ ತಿರುಗಿದ. ಫೋನ್ ಅವನ ಕಿಸೆಯಲ್ಲಿತ್ತು. ಇಡೀ ಚರ್ಚು ಹಾಡುತ್ತಿತ್ತು, ಅಷ್ಟೂ ಸದ್ದು ಅವನೊಳಗೆ ಎರಡೆರಡಾಗಿ ಬಡಿಯುತ್ತಿದ್ದಿರಬೇಕು. ಸೇರಿತೋ ಸೇರಲಿಲ್ಲವೋ ಅವನಿಗೆ ತಿಳಿಯಲಿಲ್ಲ. ಈ ಊರಿನ ತಂತಿಗಳಿಗೆಲ್ಲ ಶ್ರುತಿ ಹೇಳುತ್ತಿದ್ದ ನನ್ನ ಅಣ್ಣ ಬಾಯಿ ತುಸು ತೆರೆದು ನನ್ನ ಮುಖ ನೋಡಿದ.

ಪಿಟೀಲನ್ನು ಗಲ್ಲದಡಿಯಲ್ಲಿ ಒತ್ತಿ ಹಿಡಿದು ನಾನು ಎಡಗೈಯನ್ನು ಪೂರಾ ತೆಗೆದೆ. ಅವನಿಗೆ ಕಾಣುವಷ್ಟು ದೂರಕ್ಕೆ, ಗಾಳಿಯಲ್ಲಿ ಎತ್ತಿ ಹಿಡಿದೆ. ಬಲಗೈಯಿಂದ ಆ ತಂತಿಯ ಮೇಲೆ ಬಿಲ್ಲನ್ನು ಉದ್ದಕ್ಕೆ ಎಳೆದೆ. ಬೆರಳಿಡದ ತಂತಿ ಮೊಳಗಿತು, ಕೀಬೋರ್ಡಿನೊಳಗೆ ಹೋಗಿ ಕೂತುಕೊಂಡಿತು. ಉಳಿದಿದ್ದ ಚೂರು ವ್ಯತ್ಯಾಸವನ್ನು ಬಾಪ್ಪು, ಹಿತೇಶ್ ಅದಕ್ಕೆ ಆತು ಸರಿಮಾಡಿಕೊಂಡರು. ಹಿತೇಶ್ ಕಣ್ಣು ಮುಚ್ಚಿ ನಗುತ್ತಿದ್ದ.

ಇರ್ವಿನ್ ನನ್ನ ಖಾಲಿ ಕೈಯನ್ನೇ ನೋಡುತ್ತ ನಿಂತ. ಹಾಡು ಸೇರಿತೆಂದು ಅವನಿಗೆ ಗೊತ್ತಾಯಿತು. ಅದನ್ನು ಅವನಿಗೆ ಕೇಳಿಸುವ ಬದಲು ನಾನು ಕಾಣಿಸಿದ್ದು ಯಾಕೆ ಎಂಬುದೂ ಗೊತ್ತಾಯಿತು.

ಪೂಜೆ ಮುಗಿದು ಹೊರಗೆ ಬಂದಾಗ ಮಳೆ ನಿಂತಿತ್ತು. ಮಕ್ಕಳು ಕಬ್ಬು ಜಗಿಯುತ್ತ ಅಂಗಳದಲ್ಲೆಲ್ಲ ಸಿಪ್ಪೆ ಉಗುಳುತ್ತಿದ್ದರು. ಡ್ಯಾಫ್ನಿ ತನ್ನ ಬಟನ್ನಿನ ಕಥೆಯನ್ನು ಆಗಲೇ ಮೂರು ಜನರಿಗೆ ಹೇಳಿಯಾಗಿತ್ತು. ಅಪೊಲೋನಿಯಾ ಬಾಯಿ ಇರ್ವಿನನ ಕೈಗೂ ಒಂದು ತುಂಡು ಕಬ್ಬು ತುರುಕಿದಳು. ಕಾನೂನು ಅಂದರೆ ಕಾನೂನು.

“ಇರ್ವಿನಣ್ಣ,” ಎಂದ ಹಿತೇಶ್, ಪಿಟೀಲಿನ ಪೆಟ್ಟಿಗೆ ಹೆಗಲಿಗೇರಿಸಿ. “ಬರುವ ವರ್ಷ ತಂಬೂರಿ.”

“ಇಡು ಮಾರಾಯ. ಜೋರಾಗಿಯೇ ಇಡು.”

ಹಿತೇಶ್ ಹೋದ ಮೇಲೆ ಇರ್ವಿನ್ ಗಂಟೆಗೋಪುರದ ಬುಡದಲ್ಲಿದ್ದ ನನ್ನ ಹತ್ತಿರ ಬಂದ. ಕಬ್ಬನ್ನು ಕಚ್ಚಲಿಲ್ಲ, ಕೈಯಲ್ಲಿ ತಿರುಗಿಸುತ್ತಿದ್ದ.

“ಯಾವಾಗಿನಿಂದ ಗೊತ್ತು?”

“ಟೋಕನ್ ಹಿಡಿದು ಕೂತಿದ್ದೆಯಲ್ಲ, ಆವತ್ತಿನಿಂದ.”

ಮೇಲೆ ಗಂಟೆ ಹೊಡೆಯತೊಡಗಿದಾಗ ಅವನು ಮುಖ ಕಿವುಚಿ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. ನನ್ನೆದುರು ಹಾಗೆ ಮಾಡಿದ್ದು ಅದೇ ಮೊದಲು.

“ಈ ಬದಿಯಲ್ಲಿ ಎಲ್ಲ ಸುಳ್ಳು ಕೇಳ್ತದೆ, ಎಸ್ತೆರ್,” ಎಂದ. “ನಿನ್ನ ಸ್ವರ ಕೂಡ.”

ತಿಂಗಳಿಡೀ ಈ ಮಾತಿಗೇ ಕಾದಿದ್ದೆ. ನರ್ಸಾಗಿ ಹೇಳಬೇಕಾದ ಸಮಾಧಾನಗಳೆಲ್ಲ ತಯಾರಿದ್ದವು, ತಂಗಿಯಾಗಿ ಬೈಯಬೇಕಾದ ಬೈಗುಳಗಳೂ. ಎಲ್ಲವನ್ನೂ ಬಿಟ್ಟುಬಿಟ್ಟೆ. ನಾನು ಅವನ ಎಡಗಡೆ ನಿಂತಿದ್ದೆ. ಸುತ್ತಿಕೊಂಡು ಹೋಗಿ ಬಲಗಡೆಗೆ ನಿಂತೆ.

“ಇನ್ನು ಹೇಳು,” ಎಂದೆ.